ಹಿಮದಲ್ಲಿ ಆಡಿದ ಹುಡುಗ

1962ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ದಿ ಸ್ನೋಯಿ ಡೇ’ ಎಂಬ ಚಿತ್ರಪುಸ್ತಕದಲ್ಲಿ ಕಥೆ ಎನ್ನುವಂಥದ್ದು ಹೆಚ್ಚೇನೂ ಇಲ್ಲ. ಪೀಟರ್ ಎಂಬ ಪುಟ್ಟ ಹುಡುಗ ಎದ್ದು ನೋಡಿದರೆ ಊರೆಲ್ಲ ಹಿಮ. ಕೆಂಪು ಉಡುಪು ತೊಟ್ಟು ಆಡಲು ಹೋಗುತ್ತಾನೆ. ನಾಳೆಗಿರಲೆಂದು ಹಿಮದ ಒಂದು ಉಂಡೆಯನ್ನು ಜೇಬಿಗಿಟ್ಟುಕೊಂಡು ಬರುತ್ತಾನೆ. ಮಲಗುವ ಮುನ್ನ ನೋಡಿದರೆ ಜೇಬು ಖಾಲಿ. ಪೀಟರ್ ಕಪ್ಪು ಹುಡುಗ. ಆದರೆ ಆ ಮಾತು ಅಕ್ಷರಗಳಲ್ಲಿ ಎಲ್ಲಿಯೂ ಇಲ್ಲ, ಚಿತ್ರದಲ್ಲಷ್ಟೇ ಇದೆ.

ಇದನ್ನು ಬರೆದು ಚಿತ್ರಿಸಿದ ಎಜ್ರಾ ಜಾಕ್ ಕೀಟ್ಸ್ 1916ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, ಪೋಲೆಂಡಿನಿಂದ ವಲಸೆ ಬಂದ ಬಡ ಯಹೂದಿ ಕುಟುಂಬದಲ್ಲಿ ಹುಟ್ಟಿದವರು. ತಂದೆ ಹೋಟೆಲ್ ಮಾಣಿ. ಚಿತ್ರ ಬರೆದರೆ ಹೊಟ್ಟೆ ತುಂಬುವುದಿಲ್ಲವೆಂದು ಹೆದರುತ್ತಿದ್ದ ಆ ತಂದೆಯೇ, ಹಸಿದ ಕಲಾವಿದರು ಸೂಪಿಗೆ ಬದಲಾಗಿ ಕೊಟ್ಟರೆಂದು ಸುಳ್ಳು ಹೇಳಿ ಮಗನಿಗೆ ಬಣ್ಣದ ಟ್ಯೂಬುಗಳನ್ನು ತರುತ್ತಿದ್ದರು. 1935ರಲ್ಲಿ ಅವರು ತೀರಿಕೊಂಡಾಗ ಪರ್ಸಿನಲ್ಲಿ ಸಿಕ್ಕಿದ್ದು ಮಗನ ಬಹುಮಾನಗಳ ಪತ್ರಿಕಾ ತುಣುಕುಗಳು.

ಎರಡನೇ ಮಹಾಯುದ್ಧದ ನಂತರ, ಯಹೂದಿದ್ವೇಷದ ನಡುವೆ ಬದುಕು ಕಟ್ಟಿಕೊಳ್ಳಬೇಕಾಗಿ, ಅವರು ಕಾಟ್ಜ್ ಎಂಬ ಹೆಸರನ್ನು ಬಿಟ್ಟು ಕೀಟ್ಸ್ ಆದರು. ಬಾಡಿಗೆ ಮನೆ ಕೇಳಲು ಹೋಗಿ, ಹೆಸರು ಹೇಳಿದೊಡನೆ ಎದುರಿನ ಮುಖ ಬದಲಾದದ್ದನ್ನು ಕಂಡ ನಮ್ಮಂಥವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಪರರ ಕಥೆಗಳಿಗೆ ಚಿತ್ರ ಬರೆಯುತ್ತಿದ್ದಾಗ ಕಪ್ಪು ಮಗು ನಾಯಕನಾಗಿರುವ ಒಂದೂ ಹಸ್ತಪ್ರತಿ ಅವರ ಕೈಗೆ ಬಂದಿರಲಿಲ್ಲ. 1940ರ ‘ಲೈಫ್’ ಪತ್ರಿಕೆಯಿಂದ ಕತ್ತರಿಸಿಟ್ಟುಕೊಂಡಿದ್ದ ಒಬ್ಬ ಕಪ್ಪು ಹುಡುಗನ ಫೋಟೋಗಳೇ ಇಪ್ಪತ್ತು ವರ್ಷಗಳ ಬಳಿಕ ಪೀಟರ್ ಆದವು. ಬಣ್ಣದ ಕಾಗದ, ಬಟ್ಟೆಗಳನ್ನು ಕತ್ತರಿಸಿ ಅಂಟಿಸಿದರು. ರಬ್ಬರಿನ ಅಚ್ಚಿನಿಂದ ಹಿಮದ ಹೂಗಳನ್ನು ಒತ್ತಿದರು. ಹಲ್ಲುಜ್ಜುವ ಬ್ರಷ್ಷಿನಿಂದ ಶಾಯಿ ಚಿಮುಕಿಸಿದರು. 1963ರಲ್ಲಿ ಕ್ಯಾಲ್ಡೆಕಾಟ್ ಪದಕ ಬಂತು.

1965ರಲ್ಲಿ ನ್ಯಾನ್ಸಿ ಲ್ಯಾರಿಕ್ ಅಲ್ಲಿನ ಐದು ಸಾವಿರಕ್ಕೂ ಹೆಚ್ಚು ಮಕ್ಕಳ ಪುಸ್ತಕಗಳನ್ನು ಲೆಕ್ಕ ಹಾಕಿದರು. ಒಬ್ಬರಾದರೂ ಕಪ್ಪು ಜನ ಕಾಣುವುದು ಶೇ. 6.7ರಲ್ಲಿ ಮಾತ್ರ. ಪೀಟರನ ತಾಯಿಯನ್ನು ಭಾರೀ ಮೈಯ, ಢಾಳಾದ ಚೌಕಳಿ ಉಡುಪಿನ ಹೆಂಗಸಾಗಿ ಚಿತ್ರಿಸಿದ್ದಕ್ಕೂ ಅವರು ಆಕ್ಷೇಪಿಸಿದರು. ಕೀಟ್ಸ್‌ಗೆ ನೋವಾಯಿತು. ಆದರೆ ಆ ಆಕ್ಷೇಪದಲ್ಲಿ ಹುರುಳಿದೆ ಎಂದೇ ನನ್ನ ಭಾವನೆ. ಬಿಳಿಯರ ಅಡುಗೆಮನೆಯ ಆಳಿನ ಹಳೆಯ ಚಿತ್ರ ಆ ತಾಯಿಯಲ್ಲಿ ಉಳಿದುಕೊಂಡಿದೆ. ಸದುದ್ದೇಶವೊಂದೇ ಕಣ್ಣನ್ನು ತಿದ್ದುವುದಿಲ್ಲ.

ಬಣ್ಣದ ಬಗ್ಗೆ ಪುಸ್ತಕ ಮೌನವಾಗಿದೆ ಎಂಬ ದೂರನ್ನು ಮಾತ್ರ ನಾನು ಒಪ್ಪಲಾರೆ. ಹಿಮದಲ್ಲಿ ಆಡುವ ಮಗು ತಾನು ಯಾರೆಂದು ಯಾರಿಗೂ ವಿವರಣೆ ಕೊಡಬೇಕಾಗಿಲ್ಲ. ಬೀದಿಯ ಕಷ್ಟ ಕೀಟ್ಸ್‌ಗೆ ಗೊತ್ತಿರಲಿಲ್ಲವೆಂದಲ್ಲ. 1969ರ ‘ಗಾಗಲ್ಸ್!’ನಲ್ಲಿ ಬೆಳೆದ ಪೀಟರನನ್ನು ದೊಡ್ಡ ಹುಡುಗರು ಅಡ್ಡಗಟ್ಟುತ್ತಾರೆ. ಮೊದಲು ಆಟ, ಆಮೇಲೆ ಜಗಳ. ಅವರು ಆರಿಸಿಕೊಂಡ ಕ್ರಮ ಇದು.

ನಮ್ಮ ಕಥೆಗಳಲ್ಲಿ ಮುಸ್ಲಿಮ್ ಹುಡುಗ ಬಂದರೆ ಹೆಚ್ಚಾಗಿ ಸೌಹಾರ್ದದ ಪಾಠಕ್ಕೆ ಬರುತ್ತಾನೆ, ಇಲ್ಲವೇ ಗಲಭೆಯಲ್ಲಿ ಸಾಯಲು. ಸುಮ್ಮನೆ ಗೋಲಿ ಆಡಲು ಬರುವುದು ಕಡಿಮೆ. ನನ್ನ ಕಥೆಗಳೂ ಇದಕ್ಕೆ ಹೊರತಲ್ಲ.

ಕೀಟ್ಸ್ 1983ರಲ್ಲಿ ತೀರಿಕೊಂಡರು. 2020ರಲ್ಲಿ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯ, ತನ್ನ ಇತಿಹಾಸದಲ್ಲಿ ಓದುಗರು ಅತಿ ಹೆಚ್ಚು ಬಾರಿ ಎರವಲು ಪಡೆದ ಪುಸ್ತಕ ‘ದಿ ಸ್ನೋಯಿ ಡೇ’ ಎಂದು ಪ್ರಕಟಿಸಿತು. ಹೆಸರು ಬಚ್ಚಿಟ್ಟುಕೊಳ್ಳಬೇಕಾದ ಒಬ್ಬ ಮನುಷ್ಯ ಇನ್ನೊಬ್ಬರ ಮಗುವಿನ ಮುಖವನ್ನು ಪುಟದ ನಡುವೆ ತಂದಿಟ್ಟ. ನಮ್ಮ ಮಕ್ಕಳ ಮುಖವನ್ನು ಹಾಗೆ ತಂದಿಡುವ ಕೆಲಸ ಇನ್ನೂ ಬಾಕಿಯಿದೆ.