ಕಪ್ಪು ಕಪ್ಪಾಗಿಯೇ ಇರಲಿ

ಹೈದರಾಬಾದಿನ ಕೊಂಡಾಪುರದ ಬೊಟಾನಿಕಲ್ ಗಾರ್ಡನ್ನಿನಲ್ಲಿ ಗುಲ್‌ಮೊಹರ್ ಅರಳಿದಾಗ ಆ ಕೆಂಪನ್ನು ಹಿಡಿಯಲು ಕ್ಯಾಮೆರಾ ಯಾಕೆ ಒದ್ದಾಡುತ್ತದೆ ಎಂದು ಈ ವಾರ ಬರೆಯುತ್ತೇನೆ ಅಂದಿದ್ದೆ. ಅರ್ಧ ಬರೆದೂ ಆಗಿತ್ತು. ಅಷ್ಟರಲ್ಲಿ ಇಲ್ಲಿಯೇ, ಹಫೀಜ್‌ಪೇಟೆ ರಸ್ತೆಯ ಕಡೆ ಇರುವ ಕನ್ನಡದ ಓದುಗರೊಬ್ಬರು ಒಂದು ಫೋಟೋ ಕಳಿಸಿದರು. ಬೀದರಿನ ತವರಿನಿಂದ ತಂದ ಬಿದ್ರಿ ಹೂಜಿ. ಬಾಲ್ಕನಿಯಲ್ಲಿಟ್ಟು ತೆಗೆದಿದ್ದಾರೆ. ಫೋಕಸ್ ಸರಿಯಿದೆ, ಚೌಕಟ್ಟು ಸರಿಯಿದೆ. “ಏನೋ ಸಪ್ಪೆ ಅನ್ನಿಸ್ತಿದೆ ಸರ್, ಎಡಿಟಿಂಗಲ್ಲಿ ಎಲ್ಲಿ ಎಡವಿದೆ?” ಎಂದು ಕೇಳಿದ್ದಾರೆ. ಚಿತ್ರ ನೋಡಿದೊಡನೆ ಗುಲ್‌ಮೊಹರ್ ಬದಿಗಿಟ್ಟೆ. ಆ ಹೂಜಿ ಬೂದಿ ಬಣ್ಣಕ್ಕೆ ತಿರುಗಿತ್ತು. ಬಿದ್ರಿ ಬೂದಿಯಾದ ಮೇಲೆ ಉಳಿಯುವುದೇನು?

ಬಿದ್ರಿಯ ಕಪ್ಪನ್ನು ತರಲು ಬೀದರಿನಲ್ಲಿ ಎಷ್ಟು ಪಾಡು ಪಡುತ್ತಾರೆ ಎಂಬುದು ಕ್ಯಾಮೆರಾ ಹಿಡಿದವರಿಗೆ ಗೊತ್ತಿರಬೇಕು. ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರ ಬೆರೆಸಿ ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅರ ಹಾಕಿ ಉಜ್ಜಿದ ಮೇಲೆ ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ, ಬಳ್ಳಿ-ಹೂವಿನ ಗೆರೆ ಎದ್ದು ಕಾಣಲಿ ಎಂದು. ಉಳಿಯಿಂದ ಕೊರೆದ ಗೆರೆಯೊಳಗೆ ಬೆಳ್ಳಿಯ ತಂತಿ ಕೂರಿಸಿದರೆ ಅದು ತಾರ್‌ಕಶಿ. ಅಗಲ ಎಸಳುಗಳಿಗೆ ಬೆಳ್ಳಿಯ ತಗಡು. ಮತ್ತೆ ಉಜ್ಜಿದಾಗ ಪಾತ್ರೆಯೆಲ್ಲ ಒಂದೇ ಬಿಳಿ. ಬೆಳ್ಳಿ ಯಾವುದು ಸತು ಯಾವುದು ತಿಳಿಯದು. ಆಮೇಲೆ ಬೀದರ್ ಕೋಟೆಯ ಹಳೆಯ ಭಾಗದ ಮಣ್ಣು ಮತ್ತು ನವಸಾಗರ ಕಲಸಿದ ನೀರಿನಲ್ಲಿ ಬಿಸಿಯಾಗಿರುವಾಗಲೇ ಉಜ್ಜಿದರೆ ಸತುವಿನ ಭಾಗ ಮಾತ್ರ ಕಾಡಿಗೆಯಾಗುತ್ತದೆ, ಬೆಳ್ಳಿ ಹಾಗೆಯೇ ಉಳಿಯುತ್ತದೆ. ಕೊನೆಗೆ ಎಣ್ಣೆ ಸವರಿ ಕಪ್ಪನ್ನು ಇನ್ನಷ್ಟು ಗಾಢವಾಗಿಸುತ್ತಾರೆ. 2006ರಲ್ಲಿ ಈ ಕಸುಬಿಗೆ ಭೌಗೋಳಿಕ ಸೂಚಕ ಸಿಕ್ಕಿತು. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಇಷ್ಟೆಲ್ಲ ಮಾಡಿ ಕೂರಿಸಿದ ಕಪ್ಪನ್ನು ನಾವು ಫೋನಿನ ಪರದೆಯ ಮೇಲೆ ಬೆರಳು ಎಳೆದು ಒಂದು ಕ್ಷಣದಲ್ಲಿ ಕೆಡಿಸುತ್ತೇವೆ. ‘ಶ್ಯಾಡೋಸ್’ ಎಂಬ ಸ್ಲೈಡರ್ ಅನ್ನು ಬಲಕ್ಕೆ ಎಳೆದರೆ ಆಯಿತು.

ಈ ಚಟ ಎಲ್ಲಿಂದ ಬಂತು? ಫೋನನ್ನು ದೂರುವವರಿದ್ದಾರೆ. ನಾನು ಮೊದಲು ದೂರುವುದು ಸ್ಪರ್ಧೆಗಳ ತೀರ್ಪುಗಾರರನ್ನು. ವರ್ಷಗಟ್ಟಲೆ ಕ್ಲಬ್ಬುಗಳಲ್ಲಿ, ಸಲೋನ್‌ಗಳಲ್ಲಿ ಕೇಳಿ ಬಂದ ಮಾತು ಒಂದೇ: “ನೆರಳಲ್ಲಿ ಡೀಟೇಲ್ ಇಲ್ಲ.” ಚಿತ್ರದ ಮೂಲೆಯಲ್ಲಿ ಅಂಗೈಯಗಲ ಕಪ್ಪು ಕಂಡರೂ ಅಂಕ ಕಡಿಮೆ. ಆ ಭಯದಲ್ಲಿ ಬೆಳೆದ ತಲೆಮಾರು ಕತ್ತಲನ್ನು ಕಂಡರೆ ತೆರೆಯಲೇಬೇಕು ಎಂದು ಕಲಿತಿತು. ಎಚ್‌ಡಿಆರ್ ಸಾಫ್ಟ್‌ವೇರ್ ಕೈಗೆ ಬಂದಾಗ ಹಂಪಿಯ ಕಂಬಗಳೂ ಗೋಲ್ಕೊಂಡದ ಕಮಾನುಗಳೂ ಪ್ಲಾಸ್ಟಿಕ್ಕಿನಲ್ಲಿ ಮಾಡಿದಂತೆ ಕಾಣತೊಡಗಿದವು, ಅವಕ್ಕೇ ಬಹುಮಾನಗಳೂ ಬಂದವು. ಇವತ್ತು ಪ್ರೀಸೆಟ್ ಮಾರುವವರು ಅದೇ ಪಾಠವನ್ನು ಪೊಟ್ಟಣ ಕಟ್ಟಿ ಮಾರುತ್ತಿದ್ದಾರೆ: ನೆರಳು ಏರಿಸು, ಹೈಲೈಟ್ ಇಳಿಸು, ಕಪ್ಪನ್ನು ಮಂಕಾಗಿಸು, ಮೇಲೊಂದಿಷ್ಟು ಕಿತ್ತಳೆ ಬಳಿ. ಮದುವೆಯ ಫೋಟೋಗಳಲ್ಲಿ ಮದುಮಗಳ ತುರುಬು ಕಂದಾಗಿರುವುದನ್ನು ನೀವೂ ನೋಡಿರುತ್ತೀರಿ. ಈ ಪಂಥದ ಜೊತೆ ನನಗೆ ರಾಜಿಯಿಲ್ಲ.

ಫೋನಿಗೆ ನ್ಯಾಯ ಸಲ್ಲಬೇಕು. ಗೂಗಲ್ಲಿನ ಎಂಜಿನಿಯರುಗಳು 2016ರಲ್ಲಿ ಎಚ್‌ಡಿಆರ್ ಪ್ಲಸ್ ಬಗ್ಗೆ ಪ್ರಕಟಿಸಿದ ಪ್ರಬಂಧದ ಪ್ರಕಾರ, ಫೋನು ಬೇಕೆಂದೇ ಕಡಿಮೆ ಬೆಳಕಿಗೆ ಹಲವು ಫ್ರೇಮುಗಳನ್ನು ತೆಗೆದು, ಒಂದರ ಮೇಲೊಂದು ಕೂರಿಸಿ, ಗದ್ದಲವನ್ನು ತಗ್ಗಿಸಿ, ಆಮೇಲೆ ನೆರಳನ್ನು ಎತ್ತುತ್ತದೆ. ಬೆಳಕಿನ ಭಾಗ ಸುಟ್ಟುಹೋಗದಂತೆ ಕಾಯುವ ಈ ಉಪಾಯ ಬಹಳ ಜಾಣತನದ್ದು. ಆ ತಂಡವನ್ನು ನಡೆಸಿದ ಮಾರ್ಕ್ ಲೆವೊಯ್ ತಮ್ಮ ಚಿತ್ರಗಳಿಗೆ ಇಟಲಿಯ ಕಾರವಾಜಿಯೊನ ವರ್ಣಚಿತ್ರಗಳನ್ನು ಮಾದರಿಯಾಗಿ ಹೇಳಿದ್ದುಂಟು, ಗಾಢ ಕತ್ತಲಿನಿಂದ ಮುಖಗಳನ್ನು ಎಬ್ಬಿಸಿದ ಆ ಕಾರವಾಜಿಯೊ! ಅಂದರೆ ಯಂತ್ರ ಕಟ್ಟಿದವರಿಗೂ ಕಪ್ಪಿನ ಬೆಲೆ ಗೊತ್ತಿತ್ತು. ಆದರೆ ಫೋನಿಗೆ ತನ್ನ ಮುಂದೆ ಇರುವುದು ನೆರಳಿನಲ್ಲಿ ಕೂತ ಬಿಳಿ ಪಾತ್ರೆಯೋ ಬೆಳಕಿನಲ್ಲಿ ಕೂತ ಕರಿ ಪಾತ್ರೆಯೋ ತಿಳಿಯದು. ಅದನ್ನು ನಾವೇ ಹೇಳಬೇಕು.

ಕ್ಯಾಮೆರಾದ ಮೀಟರಿಗೂ ಅದೇ ಕುರುಡು. ಯಾವುದನ್ನು ತೋರಿಸಿದರೂ ಅದು ನಡುವಿನ ಬೂದುಬಣ್ಣ ಎಂದೇ ನಂಬುತ್ತದೆ. ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ ಸುಮಾರು 1940ರ ಹೊತ್ತಿಗೆ ರೂಪಿಸಿದ ಝೋನ್ ಸಿಸ್ಟಮ್ ಹುಟ್ಟಿದ್ದೇ ಈ ಕುರುಡಿಗೆ ಮದ್ದಾಗಿ. ಅದು ಕಡುಗಪ್ಪಿನಿಂದ ಬಿಳಿಯ ತನಕ ಒಂದೊಂದು ಸ್ಟಾಪಿನ ವಲಯಗಳನ್ನು ಎಣಿಸುತ್ತದೆ, 5ನೆಯದು ನಡುವಿನ ಬೂದು: ಬಿದ್ರಿಯ ಕಪ್ಪನ್ನು ಸ್ಪಾಟ್ ಮೀಟರಿನಲ್ಲಿ ಅಳೆದರೆ ಅದು 5ನೇ ವಲಯಕ್ಕೆ ಬಂದು ಕೂರುತ್ತದೆ, ನಮಗೆ ಬೇಕಾದದ್ದು 2ನೇ ವಲಯ. ಮೂರು ಸ್ಟಾಪ್ ಇಳಿಸಿ. ಅಗಲ ಎಸಳಿನ ಬೆಳ್ಳಿ 7ರಿಂದ 8ರ ನಡುವೆ ಬಂದರೆ ಸುತ್ತಿಗೆಯ ಸಣ್ಣ ಗುರುತು ಕೂಡ ಉಳಿಯುತ್ತದೆ.

ಮೀಟರಿಗಿಂತ ಮೊದಲು ಬೆಳಕು ಸರಿಯಾಗಬೇಕು. ಇಲ್ಲಿ ನನ್ನ ಮೆಚ್ಚಿನ ಪುಸ್ತಕವನ್ನು ಮತ್ತೆ ತೆರೆಯುತ್ತೇನೆ, ಈ ಅಂಕಣದಲ್ಲಿ ಅದು ಮೇಲಿಂದ ಮೇಲೆ ಬರುತ್ತದೆಂದು ಬೇಸರಿಸಬೇಡಿ. ಫಿಲ್ ಹಂಟರ್ ಮತ್ತು ಪಾಲ್ ಫುಕ್ವಾ ಬರೆದ ‘ಲೈಟ್: ಸೈನ್ಸ್ ಅಂಡ್ ಮ್ಯಾಜಿಕ್’. ಹೆಸರಿನಲ್ಲಿ ಮ್ಯಾಜಿಕ್ ಇದ್ದರೂ ಒಳಗಿರುವುದು ಹೈಸ್ಕೂಲಿನ ಭೌತಶಾಸ್ತ್ರ: ಬೆಳಕು ಯಾವ ಕೋನದಲ್ಲಿ ಬೀಳುತ್ತದೋ ಅದೇ ಕೋನದಲ್ಲಿ ಪುಟಿಯುತ್ತದೆ. ಈ ಒಂದು ನಿಯಮದಿಂದ ಅವರು ಇಡೀ ಪುಸ್ತಕ ಹೊರಡಿಸುತ್ತಾರೆ. ಹೊಳೆಯುವ ವಸ್ತುವಿನ ಮೇಲಿನ ಪ್ರತಿ ಬಿಂದುವಿನಿಂದ ಲೆನ್ಸಿಗೆ ಒಂದು ಗೆರೆ ಎಳೆಯಿರಿ, ಅದು ಎಲ್ಲಿಂದ ಪುಟಿದು ಬಂದಿರಬೇಕು ಎಂದು ಹಿಂದಕ್ಕೆ ನಡೆಯಿರಿ. ಕೋಣೆಯಲ್ಲಿ ಒಂದು ನಿರ್ದಿಷ್ಟ ಜಾಗ ಸಿಗುತ್ತದೆ. ಆ ಕೋನಗಳ ಗುಂಪನ್ನು ಅವರು ಒಂದು ಕುಟುಂಬ ಎನ್ನುತ್ತಾರೆ. ಆ ಜಾಗದಲ್ಲಿ ಏನಿದೆಯೋ ಅದೇ ವಸ್ತುವಿನ ಮೇಲೆ ಕಾಣುವುದು. ಅಲ್ಲಿ ಬಿಳಿ ಬಟ್ಟೆ ಇದ್ದರೆ ಬೆಳ್ಳಿ ಬಿಳಿ, ಕಪ್ಪು ಬಾಗಿಲಿದ್ದರೆ ಬೆಳ್ಳಿ ಕಪ್ಪು. ಅಂದರೆ ಬೆಳ್ಳಿಗೆ ಬೆಳಕು ಹಾಕುವುದು ಎಂದರೆ ಆ ಜಾಗವನ್ನು ಬೆಳಗುವುದು. ಸಾಮಾನ್ಯ ಲೋಹಕ್ಕೆ ಪೋಲರೈಸರ್ ಹಾಕಿ ಪ್ರಯೋಜನವಿಲ್ಲ ಎಂಬುದನ್ನೂ ಕಾರಣ ಸಮೇತ ಅಲ್ಲಿಯೇ ಹೇಳುತ್ತಾರೆ.

ಬಿದ್ರಿಗೆ ಈ ಪಾಠ ಹೇಳಿ ಮಾಡಿಸಿದಂತಿದೆ. ಬೆಳ್ಳಿ ಕನ್ನಡಿಯ ಜಾತಿ, ಸುತ್ತಲಿನ ಕಪ್ಪು ಬೆಳಕು ನುಂಗುವ ಜಾತಿ. ಕುಟುಂಬದ ಜಾಗವನ್ನು ಬಿಳಿಯಿಂದ ತುಂಬಿಸಿದರೆ ಬೆಳ್ಳಿ ಏಕಸಮ ಬೆಳಗುತ್ತದೆ, ಕಪ್ಪು ಹೆಚ್ಚೂಕಡಿಮೆ ಇದ್ದಲ್ಲಿಯೇ ಇರುತ್ತದೆ. ತೊಂದರೆ ಕೊಡುವುದು ಎಣ್ಣೆ. ಎಣ್ಣೆಯ ಪದರದಿಂದ ಕಪ್ಪಿಗೂ ಒಂದು ತೆಳು ಹೊಳಪು ಬರುತ್ತದೆ. ಒಣ ಮಲ್ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ, ತಿಕ್ಕಬೇಡಿ. ಆಮೇಲೂ ಉಳಿದ ಹೊಳಪನ್ನು ಪೋಲರೈಸರ್ ಸ್ವಲ್ಪ ಇಳಿಸೀತು, ಬೆಳ್ಳಿಯನ್ನು ಅದು ಮುಟ್ಟದು.

ತಟ್ಟೆ, ಡಬ್ಬಿಯಾದರೆ ಒಂದು ಬಿಳಿ ಹಾಳೆ ಸಾಕು. ಹೂಜಿಯ ಹೊಟ್ಟೆ ದುಂಡಗಿರುವುದರಿಂದ ಇಡೀ ಕೋಣೆ ಅದರೊಳಗೆ ಕಾಣುತ್ತದೆ. ನಮ್ಮ ಓದುಗರ ಚಿತ್ರದಲ್ಲಿ ಬಾಲ್ಕನಿಯ ಗ್ರಿಲ್ಲು, ಎದುರಿನ ಟವರಿನ ಕಿಟಕಿಗಳು, ಫೋನು ಹಿಡಿದ ಅವರ ಕೈ, ಎಲ್ಲವೂ ಬೆಳ್ಳಿಯ ಎಸಳುಗಳಲ್ಲಿ ತುಂಡುತುಂಡಾಗಿ ಇವೆ. ಚಿತ್ರ ಸಪ್ಪೆ ಆದದ್ದಕ್ಕೆ ಎಡಿಟಿಂಗಿಗಿಂತ ಇದೇ ದೊಡ್ಡ ಕಾರಣ. ಮನೆಯಲ್ಲಿ ಬಟ್ಟೆ ಒಣಗಿಸುವ ಸ್ಟ್ಯಾಂಡ್ ಇರುತ್ತದೆ. ಅದರ ಎರಡೂ ಕಡೆಗೆ, ಮೇಲಕ್ಕೂ ಒಗೆದ ಬಿಳಿ ಪಂಚೆ ಹರವಿ ಒಂದು ಗುಡಾರ ಮಾಡಿ. ಒಳಗೆ ಹೂಜಿ, ಮುಂದೆ ಲೆನ್ಸಿಗಷ್ಟು ಸಂದು. ಬೆಳಿಗ್ಗೆಯ ಬಿಸಿಲು ಪಂಚೆಯ ಮೇಲೆ ಬೀಳಲಿ, ಹೂಜಿಯ ಮೇಲೆ ನೇರ ಬೀಳುವುದು ಬೇಡ. ಎಲ್ಲ ಬಿಳಿಯಾದರೆ ಹೂಜಿಯ ಅಂಚಿನ ಬೆಳ್ಳಿ ಹಿನ್ನೆಲೆಯಲ್ಲಿ ಕರಗಿಹೋಗುತ್ತದೆ. ಅದಕ್ಕೆ ಚೌಕಟ್ಟಿನ ಆಚೆ ಎರಡೂ ಬದಿಗೆ ಕಪ್ಪು ಚಾರ್ಟ್ ಪೇಪರಿನ ಉದ್ದ ಪಟ್ಟಿ ನಿಲ್ಲಿಸಿ. ಪಟ್ಟಿಯನ್ನು ಒಂದಿಷ್ಟು ಮುಂದೆ ತಳ್ಳಿದರೆ, ಹಿಂದೆ ಎಳೆದರೆ ಅಂಚಿನ ಗೆರೆ ದಪ್ಪ ತೆಳು ಆಗುವುದು ಕಣ್ಣೆದುರೇ ಕಾಣುತ್ತದೆ. ಈ ಆಟಕ್ಕೆ ಒಂದು ಗಂಟೆ ಕೊಡಿ, ಸಾಫ್ಟ್‌ವೇರಿನ ಮುಂದೆ ಕೂರುವ ಹೊತ್ತಿನಲ್ಲಿ ಅಷ್ಟು ಉಳಿಯುತ್ತದೆ. ಟ್ರೈಪಾಡ್, ಐಎಸ್‌ಒ 100, ಎಫ್ 11, ಎರಡು ಸೆಕೆಂಡಿನ ಟೈಮರ್. ಲೆನ್ಸ್ 85 ಮಿ.ಮೀ.ಗಿಂತ ಕಡಿಮೆ ಬೇಡ. ಹತ್ತಿರ ಹೋದರೆ ಹೂಜಿಯ ಕೊರಳು ಸೊರಗಿ ಹೊಟ್ಟೆ ಉಬ್ಬುತ್ತದೆ. ಫೋನಿನಲ್ಲಾದರೆ ಬೆಳ್ಳಿಯ ಮೇಲೆ ಬೆರಳು ಒತ್ತಿ ಹಿಡಿದು ಎಕ್ಸ್‌ಪೋಷರ್ ಲಾಕ್ ಮಾಡಿ, ಬೆಳ್ಳಿಯ ಗೆರೆಗಳು ಬಿಡಿಬಿಡಿಯಾಗಿ ಕಾಣುವ ತನಕ ಇಳಿಸಿ. ರಾ ಸೌಲಭ್ಯ ಇದ್ದರೆ ತಪ್ಪದೆ ಬಳಸಿ.

ಇಷ್ಟಾದ ಮೇಲೆ ಎಡಿಟಿಂಗಿಗೆ ಉಳಿಯುವ ಕೆಲಸ ಸ್ವಲ್ಪವೇ. ಶ್ಯಾಡೋಸ್ ಸೊನ್ನೆಯಲ್ಲಿರಲಿ. ಲೈಟ್‌ರೂಮಿನಲ್ಲಿ ಆಲ್ಟ್ ಕೀ ಒತ್ತಿಕೊಂಡು ಬ್ಲ್ಯಾಕ್ಸ್ ಸ್ಲೈಡರ್ ಎಳೆದರೆ ಪರದೆ ಬಿಳಿಯಾಗಿ, ಪೂರ್ತಿ ಕಪ್ಪಾದ ಜಾಗ ಮಾತ್ರ ಚುಕ್ಕೆಯಾಗಿ ಕಾಣುತ್ತದೆ. ಹೂಜಿಯ ಬುಡದಲ್ಲಿ, ಹಿಡಿಯ ಒಳಮೈಯಲ್ಲಿ ಮೊದಲ ಚುಕ್ಕೆಗಳು ಮೂಡಿದೊಡನೆ ನಿಲ್ಲಿಸಿ. ಕ್ಲಾರಿಟಿಯನ್ನು ಇಡೀ ಚಿತ್ರಕ್ಕೆ ಹಾಕಲೇಬೇಡಿ. ಚಿತ್ರವನ್ನು ನೂರಕ್ಕೆ ನೂರು ದೊಡ್ಡದು ಮಾಡಿ ತಾರ್‌ಕಶಿಯ ಒಂದು ತಂತಿಯನ್ನು ನೋಡಿ: ಕ್ಲಾರಿಟಿ ಹೆಚ್ಚಾದಲ್ಲಿ ಕೂದಲೆಳೆಯಷ್ಟು ತೆಳು ತಂತಿಯ ಎರಡೂ ಬದಿಗೆ ಬೂದಿ ಅಂಚು ಎದ್ದಿರುತ್ತದೆ. ತಂತಿಯನ್ನು ಕಪ್ಪಿನೊಳಗೆ ಸಂದಿಲ್ಲದಂತೆ ಕೂರಿಸಿದ್ದು ಆ ಕೆಲಸಗಾರನ ಹೆಚ್ಚುಗಾರಿಕೆ. ಆ ಅಂಚು ಅದನ್ನೇ ಅಳಿಸಿಬಿಡುತ್ತದೆ.

ನೆರಳಿನೊಳಗೆ ಏನೂ ಕಾಣಬಾರದು ಎಂದು ನಾನು ಹೇಳುತ್ತಿಲ್ಲ. ಈ ಊರಿನಲ್ಲಿಯೇ ಅದಕ್ಕೆ ದೊಡ್ಡ ಸಾಕ್ಷಿಯಿದೆ. ಸಿಕಂದರಾಬಾದಿನಲ್ಲಿ ಸ್ಟುಡಿಯೋ ಇಟ್ಟು ಆರನೇ ನಿಜಾಂ ಮಹಬೂಬ್ ಅಲಿ ಖಾನರ ಆಸ್ಥಾನದ ಛಾಯಾಗ್ರಾಹಕರಾಗಿದ್ದ ರಾಜಾ ದೀನ್ ದಯಾಳ್ (1844–1905) ಅವರ ಅರಮನೆಯ ಚಿತ್ರಗಳನ್ನು ನೋಡಿ. ಗಾಜಿನ ನೆಗೆಟಿವ್‌ಗಳು ನೀಲಿ ಬೆಳಕಿಗೆ ಅತಿಯಾಗಿ ಒಲಿಯುತ್ತಿದ್ದುದರಿಂದ ಆಕಾಶ ಬಿಳಿಚಿಕೊಂಡಿರುತ್ತದೆ, ಆದರೆ ಕಮಾನಿನ ಒಳಗಿನ ಕತ್ತಲು ಎಷ್ಟು ತುಂಬಿಕೊಂಡಿದೆ! ಆಗಿನ ಆಲ್ಬುಮೆನ್ ಕಾಗದವನ್ನು ನೆಗೆಟಿವ್ ಜೊತೆ ಚೌಕಟ್ಟಿಗೆ ಸೇರಿಸಿ ಬಿಸಿಲಿಗೆ ಇಡುತ್ತಿದ್ದರು. ನೆರಳಿನ ಭಾಗ ಮೊದಲು ಕಪ್ಪಾಗುತ್ತದೆ, ಹಾಗೆ ಕಪ್ಪಾದ ಪದರವೇ ಮುಂದಿನ ಬೆಳಕಿಗೆ ಅಡ್ಡ ನಿಲ್ಲುತ್ತದೆ, ಆದ್ದರಿಂದ ನೆರಳು ಹೂತುಹೋಗದೆ ಒಳಗಿನ ವಿವರ ಉಳಿಯುತ್ತದೆ. ವಿವರ ಇದೆ, ಆದರೆ ಅದು ಕಪ್ಪಿನ ಒಳಗಡೆ ಇದೆ. ನೆರಳನ್ನು ಎತ್ತಿ ಬೂದಿ ಮಾಡಿ ತೋರಿಸುವ ವಿವರಕ್ಕೂ ಇದಕ್ಕೂ ಅಜಗಜಾಂತರ. ದಯಾಳರ 2,857 ಗಾಜಿನ ನೆಗೆಟಿವ್‌ಗಳನ್ನು ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರ 1989ರಲ್ಲಿ ಕೊಂಡಿತು. ಪುಸ್ತಕಗಳಲ್ಲಿಯೂ ಪ್ರದರ್ಶನಗಳಲ್ಲಿಯೂ ಅವುಗಳ ಪ್ರಿಂಟ್ ಸಿಕ್ಕಾಗ ಮುಖಗಳನ್ನು ಬಿಟ್ಟು ಮೂಲೆಗಳನ್ನು ನೋಡಿ.

ಕಣ್ಣಿಗೆ ಈ ಅಭ್ಯಾಸ ಮಾಡಿಸಲು ಇನ್ನೊಂದು ಜಾಗವಿದೆ, ಕೊಂಡಾಪುರದಿಂದ ಪಟಾಂಚೆರು, ಜಹೀರಾಬಾದ್ ದಾಟಿ ಮೂರು ಗಂಟೆಯ ದಾರಿ: ಬೀದರ್ ಕೋಟೆಯ ರಂಗೀನ್ ಮಹಲ್. 1956ರ ತನಕ ಬೀದರೂ ಹೈದರಾಬಾದ್ ರಾಜ್ಯದ್ದೇ. ನಿಜಾಮರ ಪುರಾತತ್ವ ಇಲಾಖೆಯ ಗುಲಾಮ್ ಯಜ್ದಾನಿ ಬೀದರಿನ ಸ್ಮಾರಕಗಳ ಮೇಲೆ ಬರೆದ ಗ್ರಂಥ 1947ರಲ್ಲಿ ಬಂತು. ಇವತ್ತಿಗೂ ಆ ಕೋಟೆಗೆ ಹೋಗುವವರ ಮೊದಲ ಕೈಪಿಡಿ ಅದೇ. ಮಹಲಿನ ಒಳಕೋಣೆಯ ಬಾಗಿಲ ಸುತ್ತ ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ್ದಾರೆ. ಬಿದ್ರಿಯ ಅಣ್ಣ ಅನ್ನಿ. ಚಿಪ್ಪಿನ ಬಣ್ಣ ನಿಂತಲ್ಲಿ ಕಾಣುವುದಿಲ್ಲ. ಒಂದು ಹೆಜ್ಜೆ ಎಡಕ್ಕೆ ಸರಿದರೆ ಹಸಿರು, ಇನ್ನೊಂದು ಹೆಜ್ಜೆಗೆ ನಸುಗೆಂಪು, ಆಮೇಲೆ ಬರೀ ಸುಣ್ಣದ ಬಿಳಿ. ಅಲ್ಲಿ ಕ್ಯಾಮೆರಾ ಆಟೋದಲ್ಲಿಟ್ಟು ಕ್ಲಿಕ್ಕಿಸಿದವರಿಗೆ ಸಿಮೆಂಟಿನ ಗೋಡೆ ಸಿಗುತ್ತದೆ. ಎರಡು ಸ್ಟಾಪ್ ಇಳಿಸಿ, ಫ್ಲ್ಯಾಶ್ ಆರಿಸಿ, ಚಿಪ್ಪಿಗೆ ಬಣ್ಣ ಬರುವ ಜಾಗ ಹುಡುಕಿಕೊಂಡು ನಿಂತರೆ ಕಲ್ಲು ಕಲ್ಲಿನಂತೆ, ಚಿಪ್ಪು ಚಿಪ್ಪಿನಂತೆ ಬರುತ್ತದೆ.

ಕೊನೆಯ ಪರೀಕ್ಷೆ ಪ್ರಿಂಟ್. ಫೋನಿನ ಓಎಲ್‌ಇಡಿ ಪರದೆಯಲ್ಲಿ ಕಪ್ಪೆಂದರೆ ಆರಿದ ಬೆಳಕು. ಕಾಗದಕ್ಕೆ ಅಷ್ಟು ಕಪ್ಪಾಗಲು ಬರುವುದಿಲ್ಲ. ಮ್ಯಾಟ್ ಕಾಗದದ ಅತಿ ಗಾಢ ಕಪ್ಪಿನ ಸಾಂದ್ರತೆ ಸುಮಾರು 1.6, ಒಳ್ಳೆಯ ಹೊಳಪು ಕಾಗದದ್ದು 2ಕ್ಕಿಂತ ಮೇಲೆ. ಬಿದ್ರಿಗೆ, ರಂಗೀನ್ ಮಹಲಿಗೆ ಬರೈಟಾ ಜಾತಿಯ ಕಾಗದ ಕೇಳಿ. ಲ್ಯಾಬಿನವರು “ಡಾರ್ಕ್ ಇದೆ ಸರ್, ಸ್ವಲ್ಪ ಬ್ರೈಟ್ ಮಾಡ್ಲಾ?” ಎಂದು ಕೇಳಿಯೇ ಕೇಳುತ್ತಾರೆ. ಬೇಡವೆಂದು ಹೇಳಿ, ಅವರ ಆಟೋ ಕರೆಕ್ಷನ್ ಆರಿಸಲು ಹೇಳಿ, ಮೊದಲು ಒಂದು 6x8 ಮಾತ್ರ ಹಾಕಿಸಿ. ಅದನ್ನು ಮನೆಗೆ ತಂದು ಹಗಲಿನಲ್ಲಿ ಕಿಟಕಿಯ ಪಕ್ಕ ಹೂಜಿಯ ಬದಿಗೇ ಇಟ್ಟು ನೋಡಿ. ಹೂಜಿಗಿಂತ ಪ್ರಿಂಟ್ ತೆಳ್ಳಗೆ ಕಂಡರೆ ಕರ್ವ್‌ನ ಎಡಗಡೆಯ ಕಾಲುಭಾಗವನ್ನು ಮಾತ್ರ ಇನ್ನೊಂದಿಷ್ಟು ತಗ್ಗಿಸಿ, ಬೆಳ್ಳಿಯನ್ನು ಮುಟ್ಟದೆ ಮತ್ತೊಂದು ಪ್ರಿಂಟ್ ತೆಗೆಸಿ.