ಮಜಬೂರಿಗೆ ದರ ಕಟ್ಟುವ ಸೀಟು

ಸುಧಾ ಕೊಂಗರ ನಿರ್ದೇಶನದ 'ಸೂರರೈ ಪೋಟ್ರು' ತಮಿಳು ಚಿತ್ರ 2020ರಲ್ಲಿ ಬಂತು. ತೆಲುಗು ಬಲ್ಲ ರಾಯಚೂರು ಸೀಮೆಯ ಅನೇಕರು ಅದನ್ನು 'ಆಕಾಶಂ ನೀ ಹದ್ದುರಾ' ಎಂಬ ಹೆಸರಿನಲ್ಲಿ ನೋಡಿದರು. ಅತ್ಯುತ್ತಮ ಕಥಾಚಿತ್ರ ಸೇರಿದಂತೆ ಹಲವು ರಾಷ್ಟ್ರಪ್ರಶಸ್ತಿಗಳೂ ಅದಕ್ಕೆ ಸಂದವು. ಕಥೆಯ ಬೇರು ಮಾತ್ರ ಕನ್ನಡದ ನೆಲದಲ್ಲಿದೆ. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿದರು. 2009ರಲ್ಲಿ ಪ್ರಕಟವಾದ ಅವರ ಆತ್ಮಕಥೆ 'ಸಿಂಪ್ಲಿ ಫ್ಲೈ' ಈ ಚಿತ್ರಕ್ಕೆ ಆಧಾರ. ಚಿತ್ರವನ್ನು ಮೆಚ್ಚಿ ಬರೆದವರು ಬಹಳ. ಆದರೆ ಅದು ಎತ್ತಿದ ಪ್ರಶ್ನೆಗೆ ಅದು ಕೊಟ್ಟ ಉತ್ತರ ಸಾಕೇ ಎಂದು ಕೇಳಿದವರು ಕಡಿಮೆ. ನಾವು ಇಲ್ಲಿ ಕೇಳಬಯಸುವುದು ಅದನ್ನೇ.

ಚಿತ್ರದ ಜೀವಾಳವಾದ ದೃಶ್ಯ ಎಲ್ಲರಿಗೂ ನೆನಪಿರುತ್ತದೆ. ವಾಯುಪಡೆಯಲ್ಲಿರುವ ಮಾರನಿಗೆ ತಂದೆ ಸಾವಿನಂಚಿನಲ್ಲಿರುವ ಸುದ್ದಿ ಬರುತ್ತದೆ. ವಿಮಾನ ನಿಲ್ದಾಣಕ್ಕೆ ಓಡುತ್ತಾನೆ. ಸಾಮಾನ್ಯ ದರ್ಜೆ ಭರ್ತಿಯಾಗಿದೆ, ಉಳಿದಿರುವುದು ಬಿಸಿನೆಸ್ ಕ್ಲಾಸ್. ಅದಕ್ಕೆ ಸಾಲುವಷ್ಟು ಹಣ ಜೇಬಿನಲ್ಲಿಲ್ಲ. ಕಂಡಕಂಡ ಪ್ರಯಾಣಿಕರ ಮುಂದೆ ಆತ ಕೈಚಾಚುತ್ತಾನೆ. ಯಾರೂ ಕೊಡುವುದಿಲ್ಲ. ಊರು ತಲುಪುವಾಗ ಎಲ್ಲ ಮುಗಿದಿರುತ್ತದೆ. ಈ ದೃಶ್ಯದಲ್ಲಿ ಖಳನಾಯಕನೇ ಇಲ್ಲ. ಕೌಂಟರಿನಲ್ಲಿ ಕೂತ ಉದ್ಯೋಗಿ ಕೆಟ್ಟವನಲ್ಲ. ಸೀಟು ಖಾಲಿ ಇದೆ, ಅದರ ಅಗತ್ಯವಿರುವ ಮನುಷ್ಯನೂ ಎದುರಿಗಿದ್ದಾನೆ. ನಡುವೆ ನಿಂತಿರುವುದು ದರವೊಂದೇ. ಇಷ್ಟು ನಿರ್ದಾಕ್ಷಿಣ್ಯವಾಗಿ ನಮ್ಮ ಜನಪ್ರಿಯ ಸಿನಿಮಾ ಮಾರುಕಟ್ಟೆಯನ್ನು ತೋರಿಸುವುದು ಅಪರೂಪ.

ಇಲ್ಲಿಂದ ಮುಂದೆ ಚಿತ್ರ ಸುಲಭದ ದಾರಿ ಹಿಡಿಯುತ್ತದೆ. ಬಡವರು ಮುಟ್ಟಿದರೆ ಕೈ ಒರೆಸಿಕೊಳ್ಳುವ ಪರೇಶ್ ಗೋಸ್ವಾಮಿ ಎಂಬ ವಿಮಾನ ಕಂಪೆನಿಯ ಒಡೆಯನನ್ನು ತಂದು ನಿಲ್ಲಿಸುತ್ತದೆ. ಅವನು ಸೋತರೆ, ಟಿಕೆಟ್ ಅಗ್ಗವಾದರೆ, ಹಳ್ಳಿಯವರು ವಿಮಾನದಿಂದ ಇಳಿದರೆ ನ್ಯಾಯ ಸಿಕ್ಕಿತು ಎನ್ನುತ್ತದೆ. ನೋಡುವಾಗ ನಮ್ಮ ಕಣ್ಣೂ ತುಂಬಿ ಬಂದದ್ದು ನಿಜ. ಅಗ್ಗದ ಟಿಕೆಟ್ ಸಣ್ಣ ಸಾಧನೆಯೂ ಅಲ್ಲ. ಏರ್ ಡೆಕ್ಕನ್ ಒಂದು ರೂಪಾಯಿಗೂ ಟಿಕೆಟ್ ಮಾರಿತು. ಆರ್.ಕೆ. ಲಕ್ಷ್ಮಣ್ ಅವರ 'ಶ್ರೀಸಾಮಾನ್ಯ'ನನ್ನು ತನ್ನ ಗುರುತಾಗಿಸಿಕೊಂಡಿತು. ಅದರ ವಿಮಾನದಲ್ಲಿ ಬಿಸಿನೆಸ್ ಕ್ಲಾಸ್ ಇರಲಿಲ್ಲ, ಎಲ್ಲರಿಗೂ ಒಂದೇ ದರ್ಜೆ.

ಆದರೆ ಆ ಒಂದೇ ದರ್ಜೆ ಸಮಾನತೆಯ ತತ್ವದಿಂದಷ್ಟೇ ಹುಟ್ಟಿದ್ದಲ್ಲ, ಅದು ಲೆಕ್ಕಾಚಾರವೂ ಹೌದು. ಅಗಲ ಕುರ್ಚಿಗಳನ್ನು ತೆಗೆದರೆ ಹೆಚ್ಚು ಜನರನ್ನು ಕೂರಿಸಬಹುದು. ಊಟಕ್ಕೆ ಬೇರೆ ದುಡ್ಡು ಕೇಳಿದರೆ ಟಿಕೆಟ್ ದರ ಇಳಿಸಬಹುದು. ಹೀಗೆ ಪ್ರಯಾಣವನ್ನು ಬಿಡಿಬಿಡಿಯಾಗಿ ಮಾರುವ ವಿದ್ಯೆಯನ್ನು ಅಗ್ಗದ ವಿಮಾನಗಳೇ ನಮ್ಮ ದೇಶಕ್ಕೆ ತಂದವು. ಇಂದು ಊಟ ಬಿಡಿಯಾದರೆ ನಾಳೆ ಸೀಟೂ ಬಿಡಿಯಾಗುತ್ತದೆ. ಹಾಗೆಯೇ ಆಯಿತು. 2008ರಲ್ಲಿ ಏರ್ ಡೆಕ್ಕನ್ ಕಿಂಗ್‌ಫಿಶರ್‌ನಲ್ಲಿ ಕರಗಿತು, 2012ರಲ್ಲಿ ಕಿಂಗ್‌ಫಿಶರ್ ಕೂಡ ನಿಂತಿತು. ಬಿಡಿ ಮಾರಾಟದ ವಿದ್ಯೆ ಮಾತ್ರ ಬೆಳೆಯಿತು. 2015ರಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಆಯ್ದ ಸೀಟಿಗೆ ಪ್ರತ್ಯೇಕ ಶುಲ್ಕ ಪಡೆಯಲು ಅವಕಾಶ ಕೊಟ್ಟಿತು. 2018ರಲ್ಲಿ ವೆಬ್ ಚೆಕ್-ಇನ್ ವೇಳೆ ಎಲ್ಲ ಸೀಟುಗಳಿಗೂ ಶುಲ್ಕ ಎಂದು ಇಂಡಿಗೋ ಹೇಳಿದಾಗ ಪ್ರಯಾಣಿಕರು ಗದ್ದಲವೆಬ್ಬಿಸಿದರು. ಒಂದೇ ದರ್ಜೆಯಿಂದ ಬೆಳೆದ ಅದೇ ಕಂಪೆನಿ 2024ರ ನವೆಂಬರ್‌ನಲ್ಲಿ ದೆಹಲಿ-ಮುಂಬೈ ಮಾರ್ಗದಲ್ಲಿ ಬಿಸಿನೆಸ್ ಕ್ಲಾಸ್ ಆರಂಭಿಸಿತು.

ಇದು ಮಹಾನಗರದವರ ಚಿಂತೆ, ನಮಗೇನು ಎನ್ನಬೇಡಿ. ರಾಯಚೂರಿನವರಿಗೆ ಶಂಷಾಬಾದ್ ವಿಮಾನ ನಿಲ್ದಾಣ ಹೊಸದಲ್ಲ. ಕೊಲ್ಲಿಗೆ ದುಡಿಯಲು ಹೋಗುವ ಹುಡುಗರು, ಉಮ್ರಾಕ್ಕೆ ಹೊರಟ ಹಿರಿಯರು ಮಕ್ತಲ್, ಮಹಬೂಬ್‌ನಗರ ದಾಟಿ ಅಲ್ಲಿಗೇ ಹೋಗುತ್ತಾರೆ. ಮಾನ್ವಿಯ ಒಬ್ಬ ಅಜ್ಜ, ಅಜ್ಜಿ ಮೊದಲ ಸಲ ವಿಮಾನ ಹತ್ತುತ್ತಾರೆ ಎನ್ನಿ. ಟಿಕೆಟ್ ತೆಗೆಸಿದ ಏಜೆಂಟನಿಗೆ ಸೀಟಿನ ನೆನಪಿಲ್ಲ, ಇವರಿಗೆ ಅದರ ಅರಿವಿಲ್ಲ. ಕೌಂಟರಿನಲ್ಲಿ ಇಬ್ಬರಿಗೂ ಬೇರೆ ಬೇರೆ ಸಾಲು ಬೀಳುತ್ತದೆ. ಒಟ್ಟಿಗೆ ಕೂರಬೇಕಾದರೆ ಇಷ್ಟು ಕೊಡಿ ಎಂಬ ಮಾತು ಬರುತ್ತದೆ. ಇನ್ನೂ ಹೆಚ್ಚು ಕೊಟ್ಟರೆ ಕಾಲು ಚಾಚುವ ಸೀಟು, ಅದಕ್ಕೂ ಮೇಲೆ ಬಿಸಿನೆಸ್ ಕ್ಲಾಸ್. ಹಾರಿದ ಮೇಲೆ ಖಾಲಿ ಸೀಟಿನಿಂದ ಕಾಸೂ ಹುಟ್ಟುವುದಿಲ್ಲ. ಆದ್ದರಿಂದಲೇ ಕೊನೆಯ ಗಳಿಗೆಯ ಈ ಆಮಿಷ. ಅಂದರೆ ಆ ದರ ಕುರ್ಚಿಯ ಬೆಲೆಯಲ್ಲ. ಎದುರಿಗೆ ನಿಂತವರು ಎಷ್ಟು ಕೊಟ್ಟಾರು ಎಂಬ ಅಂದಾಜು. ನಮ್ಮ ಕಡೆ ಇದಕ್ಕೊಂದು ಮಾತಿದೆ: ಮಜಬೂರಿ. ಹಣವುಳ್ಳವನಿಗೆ ಆ ಕೌಂಟರಿನಲ್ಲಿ ಸಿಗುವುದು ಆಯ್ಕೆ; ಇಲ್ಲದವನ ಪಾಲಿಗೆ ಅದೇ ಮಜಬೂರಿ.

ಕಾಲು ಚಾಚುವ ಸೀಟಿಗೆ ಹೆಚ್ಚು ಕೊಡುವವರಿಂದಲೇ ಉಳಿದವರ ಟಿಕೆಟ್ ಅಗ್ಗವಾಗುತ್ತದೆ ಎಂಬ ವಾದವಿದೆ. ಅದರಲ್ಲಿ ಸತ್ಯವೂ ಇದೆ. ನಮ್ಮ ಸಾರಿಗೆ ಸಂಸ್ಥೆಯಲ್ಲೂ ರಾಜಹಂಸ, ಸ್ಲೀಪರ್ ಬಸ್ಸುಗಳಿಗೆ ದರ ಬೇರೆಯೇ. ಸೌಕರ್ಯಕ್ಕೆ ಬೆಲೆ ಇರಲಿ, ನಮ್ಮ ತಕರಾರು ಅದಲ್ಲ. ದೇವದುರ್ಗದಿಂದ ರಾಯಚೂರಿಗೆ ಹೊರಡುವ ಕೆಂಪು ಬಸ್ಸನ್ನು ನೋಡಿ. ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರ ಜಗಳ ಅಲ್ಲಿ ದಿನನಿತ್ಯದ್ದು. ಆದರೆ ಮಹಿಳೆಯರಿಗೆ, ಹಿರಿಯರಿಗೆ, ಅಂಗವಿಕಲರಿಗೆ ಎಂದು ಬರೆದ ಸೀಟುಗಳೂ ಅದೇ ಬಸ್ಸಿನಲ್ಲಿವೆ. ಪಾಲನೆ ಅರ್ಧಂಬರ್ಧ ಇರಬಹುದು, ಅಗತ್ಯವಿದ್ದವರಿಗೆ ಸೀಟಿನ ಹಕ್ಕಿದೆ ಎಂಬ ಒಪ್ಪಂದವಂತೂ ಇದೆ. ಬಾಣಂತಿ ಹತ್ತಿದರೆ ಎದ್ದು ನಿಲ್ಲುವವನು ಅವಳಿಂದ ರೂಪಾಯಿ ಕೇಳುವುದಿಲ್ಲ. ವಿಮಾನದಲ್ಲಿ ಇಷ್ಟು ಸಣ್ಣ ವಿವೇಕಕ್ಕೂ ಸರ್ಕಾರಿ ಆದೇಶ ಬೇಕಾಯಿತು. 12 ವರ್ಷದವರೆಗಿನ ಮಕ್ಕಳನ್ನು ತಂದೆ ಅಥವಾ ತಾಯಿಯ ಜೊತೆಗೇ ಕೂರಿಸಬೇಕೆಂದು ಮಹಾನಿರ್ದೇಶನಾಲಯ ಹೇಳಿದ್ದು 2024ರ ಏಪ್ರಿಲ್‌ನಲ್ಲಿ. ಆ ಆದೇಶದಲ್ಲಿದ್ದುದು ಮಕ್ಕಳ ಮಾತು. ಕಣ್ಣು ಮಂಜಾದ ಅಜ್ಜಿಯ ಮಾತು ಅದರಲ್ಲಿರಲಿಲ್ಲ.

'ಸೂರರೈ ಪೋಟ್ರು' ಕಾಣದೆ ಹೋದದ್ದು ಇದನ್ನೇ. ಮಾರನ ಸಂಕಟಕ್ಕೆ ದುಬಾರಿ ಟಿಕೆಟ್ ಕಾರಣ ಎಂದುಕೊಂಡ ಚಿತ್ರ ಅಗ್ಗದ ಟಿಕೆಟನ್ನು ಪರಿಹಾರವಾಗಿ ಕೊಟ್ಟಿತು. ಆದರೆ ಅವನನ್ನು ತಡೆದದ್ದು ಮನುಷ್ಯನ ಅಗತ್ಯ ಹೆಚ್ಚಿದಷ್ಟೂ ದರ ಏರಿಸುವ ಪದ್ಧತಿ. ಸಾವು ಮೂರು ತಿಂಗಳ ಮೊದಲೇ ಟಿಕೆಟ್ ಕಾಯ್ದಿರಿಸಿ ಬರುವುದಿಲ್ಲ. ಅಗ್ಗದ ಟಿಕೆಟ್ ಮುಂಚೆಯೇ ಯೋಜನೆ ಹಾಕಬಲ್ಲವನಿಗೆ ಸಿಗುತ್ತದೆ. ತಂದೆಯ ಕೊನೆಯುಸಿರಿಗೆ ಓಡುವವನಿಗಲ್ಲ. ಇಂದು ಮಾರ ಅದೇ ಕೌಂಟರಿಗೆ ಬಂದರೆ ಅವನಿಗೆ ಸಿಗುವ ಉತ್ತರ ಬೇರೆಯಾಗಿರುತ್ತದೆಯೇ? ಖಳನಾಯಕ ಸೋತಿದ್ದಾನೆ, ವಿಮಾನಗಳು ಹೆಚ್ಚಾಗಿವೆ, ಆದರೂ ಮಾರ ಕೈಚಾಚಿಯೇ ನಿಲ್ಲಬೇಕಾದೀತು.

ಒಂದು ಚಿತ್ರ ತನ್ನ ಕೊನೆಗಿಂತ ತನ್ನ ಒಂದು ದೃಶ್ಯದಲ್ಲಿ ಹೆಚ್ಚು ಪ್ರಾಮಾಣಿಕವಾಗಿರುವುದುಂಟು. ಈ ಚಿತ್ರವನ್ನು ನಾವು ಆ ಕೌಂಟರಿನ ದೃಶ್ಯಕ್ಕಾಗಿ ಉಳಿಸಿಕೊಳ್ಳುತ್ತೇವೆ. ಶ್ರೀಸಾಮಾನ್ಯನನ್ನು ವಿಮಾನ ಹತ್ತಿಸಿದ ಉದ್ಯಮಿಗೆ ಸಲ್ಲಬೇಕಾದ ಗೌರವ ಸಲ್ಲಲಿ. ಹತ್ತಿದ ಮೇಲೆ ಅವನು ಎಲ್ಲಿ, ಯಾರ ಪಕ್ಕ, ಎಷ್ಟು ಇಜ್ಜತ್ತಿನಿಂದ ಕೂರುತ್ತಾನೆ ಎಂಬುದನ್ನು ಮಾತ್ರ ಉದ್ಯಮಿಯ ದಯೆಗೆ ಬಿಡಲಾಗದು. ಅದನ್ನು ಕೇಳಬೇಕಾದವರು ಪ್ರಯಾಣಿಕರು, ಹೇಳಬೇಕಾದದ್ದು ಕಾನೂನು.