ವಿಮ್ ಎಂಬ ಎಡಿಟರು

2001ರಲ್ಲಿ ಚಿನ್ನದ ಗಣಿಗಳು ಮುಚ್ಚಿದ ಬಳಿಕ ಜೀವನೋಪಾಯಕ್ಕೆ ಬೆಂಗಳೂರನ್ನೇ ನೆಚ್ಚಿಕೊಂಡ ಕೆ.ಜಿ.ಎಫ್.ನ ಸಹಸ್ರಾರು ಜನರಂತೆ, ಮಾರಿಕುಪ್ಪಂನಲ್ಲಿ ರೈಲು ಹತ್ತಿ ಬಂಗಾರಪೇಟೆಯ ಮಾರ್ಗವಾಗಿ ನಿತ್ಯವೂ ಹೋಗಿಬರುವ ಪ್ರೋಗ್ರಾಮರನಿಗೆ, ಮೌಸ್ ಇರಿಸಲೂ ಸ್ಥಳವಿಲ್ಲದ ಕಿಕ್ಕಿರಿದ ಬೋಗಿಯಲ್ಲಿ, ಕೇವಲ ಕೀಲಿಮಣೆಯನ್ನೇ ಆಶ್ರಯಿಸಿದ ವಿಮ್ ಎಂತಹ ಉಪಕಾರಿಯೆಂಬುದನ್ನು ಅನುಭವಿಸಿದವರೇ ಬಲ್ಲರು. ಬಿಲ್ ಜಾಯ್ 1976ರಲ್ಲಿ ರಚಿಸಿದ ವಿಐ ಎಂಬ ಎಡಿಟರಿನ ಪರಂಪರೆಯಲ್ಲಿ, ಡಚ್ ತಂತ್ರಜ್ಞ ಬ್ರಾಮ್ ಮೂಲೆನಾರ್ 1991ರಲ್ಲಿ ಲೋಕಕ್ಕಿತ್ತ ಕೃತಿಯಿದು.

ಇದರ ಮರ್ಮವಿರುವುದು ಆಜ್ಞೆಗಳ ವ್ಯಾಕರಣದಲ್ಲಿ. ಉದ್ಧರಣ ಚಿಹ್ನೆಗಳ ಒಳಗಿನದನ್ನೆಲ್ಲ ಬದಲಿಸಬೇಕಾದರೆ ಸಿ, ಐ, ಆಮೇಲೆ ಆ ಚಿಹ್ನೆ, ಇವನ್ನೊತ್ತಿ ಹೊಸತನ್ನು ಬರೆದು ಎಸ್ಕೇಪ್ ಒತ್ತಿದರಾಯಿತು. ಅದೇ ತಿದ್ದುಪಡಿ ಇನ್ನೊಂದೆಡೆಯೂ ಬೇಕಾದಲ್ಲಿ, ಅಲ್ಲಿಗೆ ಹೋಗಿ ಒಂದು ಚುಕ್ಕಿಯನ್ನೊತ್ತಿದರೆ ಸಾಕು. ಈ ಚುಕ್ಕಿಗಿಂತ ಸುಂದರವಾದುದನ್ನು ನಾನು ಬೇರಾವ ಎಡಿಟರಿನಲ್ಲಿಯೂ ಕಾಣೆ. ನಡುದಾರಿಯಲ್ಲಿ ಬ್ಯಾಟರಿ ತೀರಿ ಲ್ಯಾಪ್‌ಟಾಪ್ ಆರಿದರೂ ಎದೆಗುಂದಬೇಕಾಗಿಲ್ಲ: ತಿದ್ದುಪಡಿಗಳನ್ನು ಆಗಾಗ ದಾಖಲಿಸುವ ಸ್ವಾಪ್ ಫೈಲು ಉಳಿದಿರುವುದರಿಂದ, ವಿಮ್ ಜತೆಗೆ ಮೈನಸ್ ಆರ್ ಎಂದು ಸೇರಿಸಿ ಕಡತವನ್ನು ತೆರೆದರೆ ಬರೆದುದು ಬಹುಮಟ್ಟಿಗೆ ಮರಳಿ ದೊರೆಯುತ್ತದೆ. ‘ಸೆಟ್ ಅನ್‌ಡೂಫೈಲ್’ ಎಂದು ವಿಮ್‌ಆರ್‌ಸಿ ಎಂಬ ಸಂರಚನಾ ಕಡತದಲ್ಲಿ ಬರೆದಿಟ್ಟವರಂತೂ ನಿನ್ನೆಯ ತಿದ್ದುಪಡಿಯನ್ನೂ ಇಂದು ಹಿಂತೆಗೆಯಬಲ್ಲರು.

ಮೂಲೆನಾರ್ 2023ರ ಆಗಸ್ಟಿನಲ್ಲಿ ತೀರಿಕೊಂಡರು. ತನಗಾಗಿ ಬೆಲೆಯನ್ನು ಕೇಳದೆ, ಉಗಾಂಡಾದ ಕಿಬಾಲೆಯ ಮಕ್ಕಳಿಗೆ ನೆರವಾಗಿರೆಂದು ಬಳಕೆದಾರರನ್ನು ಕೋರಿದ ಆ ಪುಣ್ಯಾತ್ಮನಿಗೆ ಸಹವರ್ತಿಗಳು 2024ರ ಜನವರಿಯಲ್ಲಿ ಹೊರತಂದ 9.1 ಆವೃತ್ತಿಯನ್ನು ಅರ್ಪಿಸಿದ್ದಾರೆ.